ಬ್ಯಾಸ್ಕೆಟ್‌ಬಾಲ್ ಆಡಿಕೊಂಡೇ ಜೀವನ ಮಾಡಬಹುದಾ?

ಪ್ರಶ್ನೆ: ನಮ್ಮದು ತುಮಕೂರು, ಕ್ಯಾತ್ಸಂದ್ರ. ಮಗ ಹತ್ತನೇ ಕ್ಲಾಸ್, ಆಗಲೇ ಆರಡಿ ಒಂದಿಂಚು ಇದ್ದಾನೆ. ಬೆಳಿಗ್ಗೆ ಐದೂವರೆಗೆ ಚೆಂಡು ಹಿಡಿದು ಹೋದರೆ ಬರೋದು ಎಂಟಕ್ಕೆ. ಓದಿಗಿಂತ ಆಟವೇ ಜಾಸ್ತಿ. ಇದರಿಂದ ಮುಂದೆ ಹೊಟ್ಟೆ ತುಂಬುತ್ತಾ ಸಾರ್, ಇಲ್ಲಾ ಈಗಲೇ ಬಿಡಿಸಬೇಕಾ?

ಬಿಡಿಸಬೇಡಿ. ಹೊಟ್ಟೆ ತುಂಬುತ್ತದೆ. ಸಂಬಳ ಮಾತ್ರ ರೈಲ್ವೆಯಿಂದಲೋ ಬ್ಯಾಂಕಿನಿಂದಲೋ ಬರುತ್ತದೆ, ಅಷ್ಟೇ.

ತಮಾಷೆಗೆ ಹೇಳುತ್ತಿಲ್ಲ. ಕ್ರಿಕೆಟ್, ಕಬಡ್ಡಿ ಥರ ಕೈತುಂಬ ದುಡ್ಡು ಕೊಡುವ ಲೀಗ್ ನಮ್ಮ ದೇಶದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಇನ್ನೂ ಬೇರು ಬಿಟ್ಟಿಲ್ಲ. 2015ರಲ್ಲಿ ಯುಬಿಎ ಅಂತ ಒಂದು ಶುರುವಾಯಿತು, 2017ಕ್ಕೆ ನಿಂತೇ ಹೋಯಿತು. 2022ರಲ್ಲಿ ಐಎನ್‌ಬಿಎಲ್ ಬಂತು. ಒಳ್ಳೆಯದೇ. ಆದರೆ ಲೀಗ್ ನಡೆಯುವುದು ಕೆಲವು ವಾರ, ಮನೆ ಬಾಡಿಗೆ ಹನ್ನೆರಡು ತಿಂಗಳೂ ಕಟ್ಟಬೇಕಲ್ವಾ? ಭಾರತ ತಂಡದ ಕ್ಯಾಪ್ಟನ್ ಆಗಿದ್ದ ವಿಶೇಷ್ ಭೃಗುವಂಶಿಯನ್ನೇ ನೋಡಿ. 2017ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ತಂಡದ ಜೊತೆ ಒಪ್ಪಂದ ಆಯಿತು, 2020ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಕೆಲಸ? ಸರ್ಕಾರಿ ತೈಲ ಕಂಪನಿ ಓಎನ್‌ಜಿಸಿಯಲ್ಲಿ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದಲ್ಲಿ ಕ್ಲಬ್‌ಗೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ಲೀಗಿನ ಟ್ರಯಲ್ಸ್‌ಗೂ ಹೋಗಿಬಂದರು. ಅವರ ನೌಕರಿ ದಕ್ಷಿಣ ರೈಲ್ವೆಯದು.

ಮಗ ಎನ್‌ಬಿಎ, ಅಂದರೆ ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗು, ಅಂತಾನಾ? ಹಾಗಾದರೆ ಸತ್ನಾಮ್ ಸಿಂಗ್ ಕಥೆ ಹೇಳಿ. ಪಂಜಾಬಿನ ಬಲ್ಲೋಕೆ ಅನ್ನೋ ಸಣ್ಣ ಹಳ್ಳಿ, ರೈತರ ಮನೆ. ಹುಡುಗ ಬೆಳೆದೂ ಬೆಳೆದೂ ಏಳಡಿ ಎರಡಿಂಚಿಗೆ ಬಂದು ನಿಂತ. ಲುಧಿಯಾನ ಅಕಾಡೆಮಿಯಲ್ಲಿ ಕಲಿತು, 2010ರಲ್ಲಿ ಹದಿನಾಲ್ಕನೇ ವಯಸ್ಸಿಗೆ ಸ್ಕಾಲರ್‌ಶಿಪ್ ಮೇಲೆ ಫ್ಲೋರಿಡಾಕ್ಕೆ ಹೋದ. 2015ರಲ್ಲಿ ಡಲ್ಲಾಸ್ ಮೇವರಿಕ್ಸ್ ತಂಡ ಅವನನ್ನು ಆರಿಸಿಕೊಂಡಿತು. ಎನ್‌ಬಿಎ ಡ್ರಾಫ್ಟಿನಲ್ಲಿ, ಅಂದರೆ ತಂಡಗಳು ವರ್ಷಕ್ಕೊಮ್ಮೆ ಸರದಿ ಪ್ರಕಾರ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾದ ಮೊದಲ ಭಾರತೀಯ. ಪೇಪರಲ್ಲೆಲ್ಲ ಫೋಟೋ. ಆದರೆ ಆ ವರ್ಷ ಆರಿಸಿದ್ದು 60 ಜನರನ್ನು, ಇವನದು 52ನೇ ಹೆಸರು. ಮೊದಲ ಸುತ್ತಿನ 30 ಜನರಿಗೆ ಸಂಬಳ ಗ್ಯಾರಂಟಿ ಇರುತ್ತದೆ, ಎರಡನೇ ಸುತ್ತಿನವರಿಗೆ ಆ ಗ್ಯಾರಂಟಿ ಇಲ್ಲ. ಅವನು ಕೆಳಗಿನ ಲೀಗಿನಲ್ಲಿ ಟೆಕ್ಸಸ್ ಲೆಜೆಂಡ್ಸ್‌ಗೆ ಆಡಿದ. ಎನ್‌ಬಿಎಯಲ್ಲಿ ಒಂದೇ ಒಂದು ಮ್ಯಾಚ್ ಆಡಲಿಲ್ಲ. ಆಮೇಲೆ 2019ರ ಡೋಪಿಂಗ್ ಪರೀಕ್ಷೆಯಲ್ಲಿ ಫೇಲಾಗಿ ಎರಡು ವರ್ಷ ನಿಷೇಧ. ಅದಾದ ಮೇಲೆ ಅಮೆರಿಕದಲ್ಲೇ ಟಿವಿ ಕುಸ್ತಿಗೆ ಇಳಿದ. ನನಗೆ ಅವನು ಸೋತ ಅಂತ ಅನ್ನಿಸುವುದಿಲ್ಲ. ಅಷ್ಟೆಲ್ಲ ಎತ್ತರ, ಅಷ್ಟೆಲ್ಲ ಅದೃಷ್ಟ ಇದ್ದೂ ಬಾಗಿಲ ಹತ್ತಿರ ನಿಂತು ವಾಪಸ್ ಬರಬೇಕಾಯಿತು ನೋಡಿ, ಅದನ್ನು ಮಗನಿಗೆ ಹೇಳಿ.

ಇನ್ನು ಎತ್ತರದ ವಿಷಯ. ಇದು ನನ್ನ ಹೊಟ್ಟೆಯುರಿ, ಸ್ವಲ್ಪ ಕೇಳಿಸಿಕೊಳ್ಳಿ. ನಾನೂ ನಿಮ್ಮ ಮಗನಷ್ಟೇ ಉದ್ದ ಇದ್ದೆ. ಶಾಲೆಯಲ್ಲಿ ಎಲ್ಲರಿಗಿಂತ ಉದ್ದ ಅಂತ ರಿಂಗ್ ಕೆಳಗೆ ನಿಲ್ಲಿಸಿದರು, ಚೆಂಡು ಬಂದರೆ ಮೇಲೆ ಹಾಕೋದು, ಅಷ್ಟೇ ನನ್ನ ಕೆಲಸ. ಬೆಂಗಳೂರಿನ ಸೆಲೆಕ್ಷನ್‌ಗೆ ಹೋದರೆ ಅಲ್ಲಿ ಆರೂವರೆ ಅಡಿಯ ಹುಡುಗರು. ನನ್ನ ಮೊದಲ ಶಾಟ್ ಕೈಯಿಂದ ಬಿಡುವ ಮೊದಲೇ ಒಬ್ಬ ಹೊಡೆದು ಹಾಕಿದ. ‘ನೀನು ಗಾರ್ಡ್ ಆಡು, ಚೆಂಡು ತಗೊಂಡು ಬಾ’ ಅಂದರು. ಬಲಗಡೆ ಒಬ್ಬ ಅಡ್ಡ ಬಂದ, ಎಡಗೈಗೆ ಬದಲಾಯಿಸಿದೆ, ಚೆಂಡು ನನ್ನ ಶೂಗೇ ಬಡಿದು ಗೆರೆ ಆಚೆ ಉರುಳಿತು. ಸಂಜೆ ರೈಲಿಗೆ ವಾಪಸ್. ತುಮಕೂರಲ್ಲಿ ನಾನು ದೈತ್ಯ, ಅಲ್ಲಿ ಕುಳ್ಳ. ದೊಡ್ಡ ಮಟ್ಟದಲ್ಲಿ ಆರಡಿ ಒಂದಿಂಚು ಅಂದರೆ ಗಾರ್ಡ್, ಚೆಂಡು ಪುಟಿಸುತ್ತಾ ಓಡುವ ಡ್ರಿಬ್ಲಿಂಗು, ಪಾಸಿಂಗು ಗೊತ್ತಿರಲೇಬೇಕು, ಜೊತೆಗೆ 6.75 ಮೀಟರ್ ದೂರದ ಮೂರು ಪಾಯಿಂಟಿನ ಗೆರೆಯಾಚೆಯಿಂದ ಶಾಟ್ ಬೀಳಬೇಕು.

ನೌಕರಿಗೆ ಬೇಕಾಗುವುದು ಸರ್ಟಿಫಿಕೇಟ್. ಆಟಗಾರರಿಗೆ ಅಂತಲೇ ನೌಕರಿ ಕೊಡುವ ಕೇಂದ್ರ ಸರ್ಕಾರದ ಸ್ಪೋರ್ಟ್ಸ್ ಕೋಟಾದಲ್ಲಿ ಇದಕ್ಕೆ ಗೊತ್ತಾದ ನಮೂನೆಗಳಿವೆ: ಶಾಲೆಗಳ ರಾಷ್ಟ್ರೀಯ ಪಂದ್ಯಕ್ಕೆ ಫಾರ್ಮ್ 4, ವಿಶ್ವವಿದ್ಯಾಲಯಗಳ ನಡುವಿನ ಪಂದ್ಯಕ್ಕೆ ಫಾರ್ಮ್ 3, ರಾಜ್ಯದ ಪರವಾಗಿ ನ್ಯಾಷನಲ್ಸ್ ಆಡಿದರೆ ಫಾರ್ಮ್ 2. ಬಡಾವಣೆ ಟೂರ್ನಮೆಂಟಿನಲ್ಲಿ ಗೆದ್ದ ಕಪ್ ಶೋಕೇಸಿಗೆ ಚೆನ್ನ, ಅರ್ಜಿಗೆ ಆಗುವುದಿಲ್ಲ. ರೈಲ್ವೆಯ ಸ್ಪೋರ್ಟ್ಸ್ ಕೋಟಾಗೆ ವಯಸ್ಸು 18ರಿಂದ 25, ಅದರಲ್ಲಿ ರಿಯಾಯಿತಿ ಇಲ್ಲ. ಹತ್ತನೇ ಕ್ಲಾಸೋ ಪಿಯುಸಿಯೋ ಡಿಗ್ರಿಯೋ, ಪೋಸ್ಟ್ ನೋಡಿಕೊಂಡು ಕೇಳುತ್ತಾರೆ. ಹಾಗಾಗಿ ಈ ವರ್ಷದ ಪರೀಕ್ಷೆ ಮಾತ್ರ ಬಿಡುವಂತಿಲ್ಲ. ಆಮೇಲೆ ಆಟಗಾರರಿಗೆ ಬೆಲೆ ಕೊಡುವ ಕಾಲೇಜು ಹುಡುಕಿ, ಬೆಂಗಳೂರಾದರೂ ಪರವಾಗಿಲ್ಲ, ಎಪ್ಪತ್ತು ಕಿಲೋಮೀಟರ್ ಏನು ಮಹಾ ದೂರ.

ಅಲ್ಲಿವರೆಗೆ ಒಂದು ಕೆಲಸ ಮಾಡಿಸಿ. ಬೆಳಿಗ್ಗೆ ಕೋರ್ಟಿಗೆ ಹೋಗುವಾಗ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗೋದು ಬೇಡ, ಮನೆಯಿಂದಲೇ ಎಡಗೈಯಲ್ಲಿ ಡ್ರಿಬಲ್ ಮಾಡಿಕೊಂಡು ಹೋಗಲಿ. ಐದೂವರೆಗೆ ಬೀದಿ ಖಾಲಿ ಇರುತ್ತದೆ, ನಾಯಿಗಳನ್ನು ಬಿಟ್ಟರೆ.