ಪಿನ್‌ಬಾಲ್ ಫ್ಲಿಪ್ಪರ್‌ನಲ್ಲಿ ದಮ್ ಇಲ್ಲ, ಕಾಯಿಲ್ ಬದಲಿಸಬೇಕಾ?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. 1980ರ ದಶಕದ ಪಿನ್‌ಬಾಲ್ ಮೆಷಿನ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆವು. ಬಲಗಡೆ ಫ್ಲಿಪ್ಪರ್ (ಬಟನ್ ಒತ್ತಿದಾಗ ಚೆಂಡನ್ನು ಹೊಡೆಯುವ ಸಣ್ಣ ಕೋಲು) ಚೆನ್ನಾಗಿದೆ. ಎಡಗಡೆಯದು ಚೆಂಡನ್ನು ರ‍್ಯಾಂಪ್ ಹತ್ತಿಸುವುದೇ ಇಲ್ಲ. ಫ್ಲಿಪ್ಪರನ್ನು ಎತ್ತುವ ತಂತಿ ಸುರುಳಿ, ಅಂದರೆ ಕಾಯಿಲ್, ಹೊಸದು ಹಾಕಿದರೆ ಸರಿಹೋಗುತ್ತಾ?

ಉತ್ತರ: ಸ್ವಲ್ಪ ತಾಳಿ, ಕಾಯಿಲ್ ಈಗಲೇ ತರಿಸಬೇಡಿ. ಕಾಯಿಲ್ ಸುಟ್ಟಿದ್ದರೆ ಸಾಮಾನ್ಯವಾಗಿ ಫ್ಲಿಪ್ಪರ್ ಏಳುವುದೇ ಇಲ್ಲ, ಇಲ್ಲವೇ ಫ್ಯೂಸ್ ಹೋಗುತ್ತದೆ. ನಿಮ್ಮದು ಏಳುತ್ತಿದೆ, ಜೋರಿಲ್ಲ ಅಷ್ಟೇ. ಒಂದೇ ಕಡೆ ತೊಂದರೆ ಇರುವುದರಿಂದ ಪವರ್ ಸಪ್ಲೈ ಮೇಲೂ ಅನುಮಾನ ಬೇಡ.

ಪ್ಲಗ್ ಕೀಳಿ. ಕೆಪಾಸಿಟರ್‌ಗಳಲ್ಲಿ ಉಳಿದ ಕರೆಂಟ್ ಇಳಿಯಲು ಕೆಲವು ನಿಮಿಷ ಬಿಡಿ. ಗಾಜು ಜಾರಿಸಿ, ಚೆಂಡು ಹೊರಗಿಟ್ಟು, ಆಮೇಲೆ ಪ್ಲೇಫೀಲ್ಡ್ (ಚೆಂಡು ಓಡಾಡುವ ಹಲಗೆ) ಎತ್ತಿ. ಚೆಂಡು ತೆಗೆಯದೆ ಎತ್ತಿದರೆ ಅದು ಉರುಳಿ ಹಿಂಭಾಗದ ನಿಂತ ಗಾಜಿಗೋ ಪ್ಲಾಸ್ಟಿಕ್‌ಗೋ ಬಡಿಯುತ್ತದೆ.

ಈಗ ಎಡಗಡೆ ಕಾಯಿಲ್‌ನ ಕಬ್ಬಿಣದ ಪ್ಲಂಜರನ್ನು ಬೆರಳಲ್ಲಿ ಒಳಗೆ ತಳ್ಳಿ ನೋಡಿ. ನುಣ್ಣಗೆ ಹೋಗಿ, ಬಿಟ್ಟ ಕೂಡಲೇ ಹಿಂದೆ ಬರಬೇಕು. ಎಲ್ಲೋ ಕಚ್ಚಿಕೊಳ್ಳುತ್ತಿದ್ದರೆ ಅರ್ಧ ಉತ್ತರ ಸಿಕ್ಕಿತು ಅನ್ನಿ. ಬಿಚ್ಚಿ ನೋಡಿದರೆ ಪ್ಲಂಜರ್ ತುದಿ ಬಡಿದು ಬಡಿದು ಅಣಬೆಯ ಹಾಗೆ ಅರಳಿರುತ್ತದೆ. ಒಳಗಿನ ನೈಲಾನ್ ಸ್ಲೀವ್ ಸವೆದು ಕಪ್ಪು ಪುಡಿ ತುಂಬಿರುತ್ತದೆ. ಸ್ಲೀವ್, ಪ್ಲಂಜರ್, ಕಾಯಿಲ್ ಸ್ಟಾಪ್ (ಪ್ಲಂಜರ್ ಬಡಿದು ನಿಲ್ಲುವ ತುಂಡು) ಎಲ್ಲ ಸೇರಿಸಿ ರೀಬಿಲ್ಡ್ ಕಿಟ್ ಸಿಗುತ್ತದೆ, ಅದನ್ನೇ ಹಾಕಿ. ದಯವಿಟ್ಟು ಎಣ್ಣೆ ಬಿಡಬೇಡಿ. ಎಣ್ಣೆಗೆ ಆ ಪುಡಿ ಅಂಟಿ ಇನ್ನಷ್ಟು ಬಿಗಿಯಾಗುತ್ತದೆ.

ಪ್ಲಂಜರ್ ಸಲೀಸಾಗಿ ಓಡಾಡುತ್ತಿದೆಯಾ? ಹಾಗಾದರೆ ಪಕ್ಕದಲ್ಲಿರುವ ಸಣ್ಣ ಎಂಡ್ ಆಫ್ ಸ್ಟ್ರೋಕ್ ಸ್ವಿಚ್ ನೋಡಿ. ನನ್ನ ಅನುಮಾನ ಜಾಸ್ತಿ ಇದರ ಮೇಲೇ. ಫ್ಲಿಪ್ಪರ್ ಕಾಯಿಲ್‌ನಲ್ಲಿ ಎರಡು ಬೇರೆ ಬೇರೆ ತಂತಿ ಸುರುಳಿಗಳಿರುತ್ತವೆ. ದಪ್ಪ ತಂತಿಯದು ಫ್ಲಿಪ್ಪರನ್ನು ಜಾಡಿಸಿ ಎತ್ತುತ್ತದೆ, ರೆಸಿಸ್ಟೆನ್ಸ್ ಸುಮಾರು 4 ಓಮ್. ತೆಳು ತಂತಿಯದು ಎತ್ತಿದ್ದನ್ನು ಹಿಡಿದಿಡುತ್ತದೆ, 100 ಓಮ್‌ಗೂ ಹೆಚ್ಚು. ಫ್ಲಿಪ್ಪರ್ ಕೆಳಗಿದ್ದಾಗ ಸ್ವಿಚ್ ಮುಚ್ಚಿದ್ದು (ಅದರ ಎರಡು ಕಾಂಟ್ಯಾಕ್ಟ್ ತಾಗಿಕೊಂಡಿದ್ದು), ಕರೆಂಟ್ ದಪ್ಪ ತಂತಿಯಲ್ಲೇ ಹರಿಯುತ್ತದೆ. ಪೂರ್ತಿ ಎದ್ದ ಮೇಲೆ ಸ್ವಿಚ್ ತೆರೆದುಕೊಳ್ಳುತ್ತದೆ, ಆಗ ತೆಳು ತಂತಿಯೂ ಸೇರಿ ಕರೆಂಟ್ ತಗ್ಗುತ್ತದೆ. ಸ್ವಿಚ್‌ನ ಕಾಂಟ್ಯಾಕ್ಟ್ ಸುಟ್ಟು ಕಪ್ಪಾಗಿದ್ದರೆ ಮೊದಲ ಏಟಿಗೇ ಜೋರು ಸಿಗುವುದಿಲ್ಲ. ಸ್ವಿಚ್ ತೆರೆಯದೇ ಹೋದರೆ ಇನ್ನೂ ಕೆಟ್ಟದ್ದು, ಬಟನ್ ಒತ್ತಿ ಹಿಡಿದಾಗ ಕಾಯಿಲ್ ಕಾದು ಸುಡುತ್ತದೆ.

ಪರೀಕ್ಷೆ ಸುಲಭ. ಪ್ಲಗ್ ಕಿತ್ತೇ ಇರಲಿ. ಮಲ್ಟಿಮೀಟರನ್ನು ಕಾಯಿಲ್‌ನ ಎರಡು ತುದಿಯ ಟರ್ಮಿನಲ್‌ಗಳಿಗೆ ಹಿಡಿಯಿರಿ. ಸುಮಾರು 4 ಓಮ್ ಬರಬೇಕು. ಕಾಂಟ್ಯಾಕ್ಟ್ ನಡುವೆ ಒಂದು ಚೂರು ಕಾಗದ ತೂರಿಸಿದರೆ 100 ದಾಟಬೇಕು. ಕಾಗದ ಇಲ್ಲದೆಯೂ 4ಕ್ಕಿಂತ ಬಹಳ ಜಾಸ್ತಿ ತೋರಿಸಿದರೆ ಕಳ್ಳ ಸಿಕ್ಕಿಬಿದ್ದ. ಸಣ್ಣ ಅರದಿಂದ ಕಾಂಟ್ಯಾಕ್ಟ್ ಉಜ್ಜಿ ಹೊಳೆಯಿಸಿ. ಫ್ಲಿಪ್ಪರ್ ಪೂರ್ತಿ ಎದ್ದಾಗ ಸುಮಾರು 3 ಮಿಲಿಮೀಟರ್ ತೆರೆಯುವಂತೆ ಸ್ವಿಚ್‌ನ ಲೋಹದ ಪಟ್ಟಿಯನ್ನು ಬಗ್ಗಿಸಿ. ಕ್ಯಾಬಿನೆಟ್ ಬಟನ್‌ನ ಹಿಂದಿರುವ ಸ್ವಿಚ್‌ಗೂ ಇದೇ ಉಪಚಾರ.

ಒಂದು ಎಚ್ಚರಿಕೆ. ಅರ ಹಾಕುವುದು ನಿಮ್ಮದರಂಥ ಹಳೆ ಮೆಷಿನ್‌ಗಳಿಗೆ ಮಾತ್ರ. 20,000ಕ್ಕೂ ಹೆಚ್ಚು ಮಾರಾಟವಾದ 1992ರ ಆಡಮ್ಸ್ ಫ್ಯಾಮಿಲಿಯಂಥ ಮೆಷಿನ್‌ಗಳಲ್ಲಿ ಈ ಸ್ವಿಚ್‌ನಲ್ಲಿ ದೊಡ್ಡ ಕರೆಂಟ್ ಹರಿಯುವುದಿಲ್ಲ, ಫ್ಲಿಪ್ಪರ್ ಎದ್ದಿದೆ ಅಂತ ಬೋರ್ಡ್‌ಗೆ ತಿಳಿಸುವುದಷ್ಟೇ ಅದರ ಕೆಲಸ. ಅವುಗಳ ಕಾಂಟ್ಯಾಕ್ಟ್ ಮೇಲೆ ತೆಳ್ಳಗೆ ಚಿನ್ನದ ಲೇಪ ಇರುತ್ತದೆ, ಉಜ್ಜಿದರೆ ಹೋಯಿತು. ಅಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸಿ ಎಳೆದರೆ ಸಾಕು.