‘ಆಫ್ ಆವ್’ ತಪ್ಪಾ, ಸರಿಯಾ?

ಮಂಗಳೂರಿನ ಸ್ಟೇಟ್ ಬ್ಯಾಂಕ್ ಸ್ಟಾಪಿನಲ್ಲಿ ಬಸ್ಸಿನಿಂದ ಇಳಿಯುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುತ್ತೀರಿ? ನಮ್ಮಲ್ಲಿ ತುಂಬಾ ಜನ ‘ಗೆಟ್ ಡೌನ್ ಫ್ರಮ್ ದ ಬಸ್’ ಅನ್ನುತ್ತಾರೆ. ಬ್ರಿಟಿಷರಿಗೆ ಅದು ‘ಗೆಟ್ ಆಫ್ ದ ಬಸ್’. ಅಮೆರಿಕದವರ ಬಾಯಲ್ಲಿ ಎಷ್ಟೋ ಸಲ ‘ಗೆಟ್ ಆಫ್ ಆವ್ ದ ಬಸ್’. ಈ ‘ಆಫ್ ಆವ್’ ಕಂಡರೆ ವ್ಯಾಕರಣದ ಮೇಷ್ಟ್ರುಗಳಿಗೆ ಆಗುವುದಿಲ್ಲ.

ಮೊದಲ ‘ಆಫ್’ಗೆ ಎರಡು ಎಫ್. ಒಂದರ ಮೇಲಿನಿಂದ ಆಚೆಗೆ ಅಂತ ಅರ್ಥ. ಎರಡನೆಯದಕ್ಕೆ ಒಂದೇ ಎಫ್, ಆದರೆ ಉಚ್ಚಾರ ‘ಆವ್’. ಕನ್ನಡದಲ್ಲಿ ಎರಡನ್ನೂ ‘ಆಫ್’ ಎಂದೇ ಬರೆಯುತ್ತೇವೆ. ಗೊಂದಲ ಆಗಬಾರದು ಅಂತ ಇಲ್ಲಿ ಬೇರೆ ಮಾಡಿದ್ದೇನೆ.

ಮೇಷ್ಟ್ರುಗಳ ದೂರು ಇಷ್ಟೇ: ‘ಆವ್’ ತೆಗೆದರೂ ಅರ್ಥ ಕೆಡುವುದಿಲ್ಲ, ಮತ್ತೆ ಅದು ಯಾಕೆ? ಕೆಡುವುದಿಲ್ಲ ಅನ್ನುವುದು ನಿಜ. ಅಷ್ಟಕ್ಕೇ ಅದನ್ನು ತಪ್ಪು ಅನ್ನುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಾವು ‘ಮರದಿಂದ ಬಿದ್ದ’ ಅಂತಲೂ ಹೇಳುತ್ತೇವೆ, ‘ಮರದ ಮೇಲಿನಿಂದ ಬಿದ್ದ’ ಅಂತಲೂ ಹೇಳುತ್ತೇವೆ. ಆ ‘ಮೇಲೆ’ ಯಾಕೆ ಬಂತು ಅಂತ ಯಾರಾದರೂ ಕೇಳುತ್ತಾರಾ? ಇಂಗ್ಲಿಷಿನಲ್ಲೇ ‘ಔಟ್ ಆವ್’ ಇದೆ. ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಕಿಟಕಿಯ ವಿಷಯ ಬಂದರೆ ‘ಔಟ್ ದ ವಿಂಡೋ’ ಅಂತ ‘ಆವ್’ ಬಿಡುವವರು ಅಮೆರಿಕದವರು, ‘ಔಟ್ ಆವ್ ದ ವಿಂಡೋ’ ಅನ್ನುವವರು ಬ್ರಿಟಿಷರು! ಎಲ್ಲಾ ರೂಢಿ, ಅಲ್ವಾ?

ಹಳೆಯ ಇಂಗ್ಲಿಷಿನಲ್ಲಿ ಇವೆರಡೂ ಒಂದೇ ಪದ. ಒತ್ತಿ ಹೇಳಿದ್ದು ‘ಆಫ್’ ಆಯಿತು, ಒತ್ತದೆ ಹೇಳಿದ್ದು ‘ಆವ್’ ಆಯಿತು. 17ನೇ ಶತಮಾನದ ಹೊತ್ತಿಗೆ ಪೂರ್ತಿ ಬೇರೆಯಾದವು. ಜೋಡಿಯಾಗಿ ಬರುವುದೂ ಹೊಸತಲ್ಲ. ಶೇಕ್ಸ್‌ಪಿಯರನ ‘ಆರನೇ ಹೆನ್ರಿ’ ನಾಟಕದ ಎರಡನೇ ಭಾಗದಲ್ಲಿ ಒಬ್ಬನನ್ನು ಕುಂಟನಾದದ್ದು ಹೇಗೆ ಅಂತ ಕೇಳುತ್ತಾರೆ. ಅವನ ಉತ್ತರ, ‘ಎ ಫಾಲ್ ಆಫ್ ಆವ್ ಎ ಟ್ರೀ’. ಮರದಿಂದ ಬಿದ್ದೆ ಅಂತ. ಈಗಿನ ಅಮೆರಿಕದವರು ಹೇಳುವ ಹಾಗೆಯೇ ಇದೆ.

ಹಾಗಾಗಿ ಮಾತಿನಲ್ಲಿ ಬಂದರೆ ಬರಲಿ. ಪರೀಕ್ಷೆ, ಕೆಲಸದ ಅರ್ಜಿ, ಆಫೀಸಿನ ಪತ್ರದಲ್ಲಿ ಮಾತ್ರ ಬೇಡ. ಅಲ್ಲಿ ಓದುವವರು ಇದನ್ನು ತಪ್ಪು ಅಂತಲೇ ಎಣಿಸುವುದು ಜಾಸ್ತಿ. ‘ಆವ್’ ಬಿಟ್ಟರೆ ಸಾಕು, ವಾಕ್ಯ ಸರಿಹೋಗುತ್ತದೆ. ‘ಬೇಸ್ಡ್ ಆಫ್ ಆವ್’ ಒಂದಕ್ಕೆ ಈ ಉಪಾಯ ಸಾಲದು. ಅಲ್ಲಿ ಎರಡನ್ನೂ ತೆಗೆದು ‘ಬೇಸ್ಡ್ ಆನ್’ ಎಂದೇ ಬರೆಯಬೇಕು.