ಬಾನೆಟ್ ಕೆಳಗಿನ ದ್ರವಗಳು: ಕಡಿಮೆಯಾದದ್ದು ಎಲ್ಲಿಗೆ ಹೋಯಿತು?

ಕಾರಿನ ಆರೈಕೆ ಕಲಿಯಲು ಹೊರಟವರಿಗೆಲ್ಲ ಮೊದಲು ಸಿಗುವ ಸಲಹೆ ಒಂದೇ: ಆಯಿಲ್ ನೋಡಿ, ಕೂಲಂಟ್ (ಎಂಜಿನ್ ತಣ್ಣಗಿಡುವ ದ್ರವ) ನೋಡಿ, ಕಡಿಮೆ ಇದ್ದರೆ ತುಂಬಿಸಿ. ನಾನೂ ಅಲ್ಲಿಂದಲೇ ಶುರು ಮಾಡಿದೆ. ಆದರೆ ಓದುತ್ತಾ ಹೋದಂತೆ, ತುಂಬಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು ಅನ್ನಿಸಿತು. ಇದ್ದದ್ದು ಎಲ್ಲಿಗೆ ಹೋಯಿತು? ಗಾಜು ತೊಳೆಯುವ ನೀರು ಖರ್ಚಾಗಲೆಂದೇ ಇದೆ, ಅದಕ್ಕೆ ಈ ಪ್ರಶ್ನೆ ಬೇಡ. ಉಳಿದ ಮೂರು ಮುಖ್ಯ ದ್ರವಗಳು ಇಳಿದರೆ ಅದರ ಹಿಂದೆ ಒಂದು ಕಾರಣ ಇದ್ದೇ ಇರುತ್ತದೆ. ಈ ಟಿಪ್ಪಣಿ ಆ ಕಾರಣಗಳ ಬಗ್ಗೆ.

ಎಂಜಿನ್ ಆಯಿಲ್

ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಐದು–ಹತ್ತು ನಿಮಿಷ ಬಿಡಿ. ಮೇಲೆಲ್ಲ ಹರಡಿಕೊಂಡ ಆಯಿಲ್ ತಳದ ತೊಟ್ಟಿಗೆ, ಅಂದರೆ ಸಂಪ್‌ಗೆ, ಇಳಿಯಬೇಕು. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ಅಳೆಯುವ ಕಡ್ಡಿ) ಎಳೆದು ಒರೆಸಿ, ಮತ್ತೆ ಪೂರ್ತಿ ಒಳಗಿಳಿಸಿ, ಎಳೆದು ನೋಡಿ. ಎರಡು ಗುರುತುಗಳ ನಡುವೆ ಇದ್ದರೆ ಸಾಕು. ‘ಸ್ವಲ್ಪ ಜಾಸ್ತಿಯೇ ಇರಲಿ’ ಎಂದು ಮೇಲಿನ ಗುರುತು ದಾಟಿಸಬೇಡಿ. ಎಂಜಿನ್ ಒಳಗೆ ತಿರುಗುವ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್, ಹೆಚ್ಚಾದ ಆಯಿಲನ್ನು ಕಡೆದು ನೊರೆ ಎಬ್ಬಿಸಬಹುದು. ನೊರೆಯಲ್ಲಿ ಗಾಳಿ ಇರುವುದರಿಂದ ಬೇರಿಂಗ್‌ಗಳಿಗೆ ಬೇಕಾದಷ್ಟು ಜಿಡ್ಡು ಸಿಗುವುದಿಲ್ಲ.

ಮಟ್ಟ ಇಳಿದಿದ್ದರೆ ಒಂದೋ ಸೋರಿದೆ, ಇಲ್ಲವೇ ಉರಿದಿದೆ. ಸವೆದ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ದಾಟಿ ಇಂಧನ ಉರಿಯುವ ಜಾಗಕ್ಕೆ ಹೋದ ಆಯಿಲ್ ನೀಲಿ ಛಾಯೆಯ ಹೊಗೆಯಾಗಿ ಹೊರಬರುತ್ತದೆ. ಬಣ್ಣ ಕಪ್ಪಾಯಿತೆಂದು ಗಾಬರಿ ಬೇಡ, ಮಸಿಯನ್ನು ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೂ ಆಯಿಲ್‌ನ ಕೆಲಸವೇ. ಹಾಲು ಬೆರೆತ ಕಾಫಿಯಂತೆ ಕಂಡರೆ ಮಾತ್ರ ನೀರು ಅಥವಾ ಕೂಲಂಟ್ ಸೇರಿದೆ ಎಂದರ್ಥ.

‘ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು’ ಎಂದು ಕೈಪಿಡಿ ಹೇಳುವುದೇಕೆ ಎಂಬುದು ನನ್ನನ್ನು ತುಂಬಾ ದಿನ ಕಾಡಿತ್ತು. ಉತ್ತರ ರಸಾಯನಶಾಸ್ತ್ರದಲ್ಲಿದೆ. 1 ಲೀಟರ್ ಪೆಟ್ರೋಲ್ ಉರಿದಾಗ ಹೆಚ್ಚುಕಡಿಮೆ 1 ಲೀಟರಿನಷ್ಟು ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್ ದಾರಿ ಹಿಡಿದರೂ ಒಂದಿಷ್ಟು ರಿಂಗ್‌ಗಳ ಸಂದಿಯಿಂದ ಆಯಿಲ್‌ಗೆ ಸೇರುತ್ತದೆ. ದೂರದ ಪ್ರಯಾಣದಲ್ಲಿ ಆಯಿಲ್ ಚೆನ್ನಾಗಿ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ದಿನವೂ ಎರಡೇ ಕಿಲೋಮೀಟರ್ ಓಡುವ ಕಾರಿನಲ್ಲಿ ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ಕಡಿಮೆ ಓಡಿದ ಕಾರಿನ ಆಯಿಲ್ ಚೆನ್ನಾಗಿದೆ ಎಂದುಕೊಳ್ಳುವಂತಿಲ್ಲ.

ಡಬ್ಬಿಯ ಮೇಲಿನ 5ಡಬ್ಲ್ಯೂ-30 ಬಗ್ಗೆಯೂ ಒಂದು ಮಾತು. ಡಬ್ಲ್ಯೂ ಎಂದರೆ ಚಳಿಗಾಲ. ಮೊದಲ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಸಲೀಸಾಗಿ ಹರಿಯುತ್ತದೆ. 30 ಎಂಬುದು ಕಾದ ಎಂಜಿನ್‌ನಲ್ಲಿ, ಅಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇರುವ ಮಂದತೆಯ ದರ್ಜೆ.

ಇನ್ನು ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ದೀಪ. ಅದು ತೋರಿಸುವುದು ಆಯಿಲ್‌ನ ಮಟ್ಟವನ್ನಲ್ಲ, ಒತ್ತಡ ಕುಸಿದಿರುವುದನ್ನು. ‘ದೀಪ ಹತ್ತಲಿ, ಆಮೇಲೆ ಹಾಕೋಣ’ ಎನ್ನುವವರಿಗೆ ಇದು ಗೊತ್ತಿರಲೇಬೇಕು. ಓಡುವಾಗ ಅದು ಹತ್ತಿದರೆ ಸುರಕ್ಷಿತ ಜಾಗ ನೋಡಿ ಕೂಡಲೇ ಎಂಜಿನ್ ನಿಲ್ಲಿಸಿ.

ಕೂಲಂಟ್

ಇದು ಮುಚ್ಚಿದ ವ್ಯವಸ್ಥೆ, ಪದೇ ಪದೇ ತುಂಬಿಸಬೇಕಾಗುತ್ತಿದೆ ಎಂದರೆ ಎಲ್ಲೋ ದಾರಿ ಆಗಿದೆ. ಹೋಸ್, ರೇಡಿಯೇಟರ್, ವಾಟರ್ ಪಂಪ್ ಹೊರಗೆ ಸೋರುವ ಜಾಗಗಳು. ಹೆಡ್ ಗ್ಯಾಸ್ಕೆಟ್ (ಎಂಜಿನ್‌ನ ಮೇಲಿನ ಮತ್ತು ಕೆಳಗಿನ ಭಾಗಗಳ ನಡುವಿನ ಸೀಲ್) ಹೋದರೆ ಒಳಗೇ ಸೋರುತ್ತದೆ. ಎಂಜಿನ್ ಕಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತಲೇ ಇದ್ದರೆ ಅದರ ಗುಮಾನಿ ಪಡಬೇಕು.

ಬರೀ ನೀರು ಸಾಕಲ್ಲವೇ ಎಂಬ ಪ್ರಶ್ನೆ ಸಹಜ. ನೀರಿಗೆ ಸಮಪಾಲು ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಕುದಿಯುವ ಬಿಂದು ಏರುತ್ತದೆ, ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ಜತೆಗಿರುವ ರಾಸಾಯನಿಕಗಳು ಲೋಹ ತುಕ್ಕು ಹಿಡಿಯದಂತೆ ಕಾಯುತ್ತವೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ. ಒಳಗಿನ ದ್ರವ 100 ಡಿಗ್ರಿ ದಾಟಿದ್ದರೂ ಒತ್ತಡದಿಂದಾಗಿ ಕುದಿಯದೆ ನಿಂತಿರಬಹುದು, ಮುಚ್ಚಳ ಸಡಿಲಿಸಿದ ಕ್ಷಣ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಮಕ್ಕಳು, ನಾಯಿ–ಬೆಕ್ಕುಗಳು ಮುಟ್ಟುವ ಮೊದಲು ಒರೆಸಿ ತೆಗೆಯಿರಿ.

ಬ್ರೇಕ್ ಫ್ಲೂಯಿಡ್

ಪೆಡಲ್ ಒತ್ತಿದ ಬಲವನ್ನು ಚಕ್ರದ ಬ್ರೇಕಿಗೆ ತಲುಪಿಸುವ ದ್ರವ ಇದು. ನನ್ನ ಪ್ರಕಾರ ಇದು ಈ ಮೂರರಲ್ಲಿ ಅತಿ ಹೆಚ್ಚು ಅಲಕ್ಷ್ಯಕ್ಕೊಳಗಾದದ್ದು. ಬ್ರೇಕ್ ಪ್ಯಾಡ್ ಸವೆದಂತೆಲ್ಲ ಅದನ್ನು ಒತ್ತುವ ಪಿಸ್ಟನ್ ಇನ್ನಷ್ಟು ಹೊರಗೆ ಬರುತ್ತದೆ, ಅದರ ಹಿಂದಿನ ಖಾಲಿ ಜಾಗಕ್ಕೆ ಫ್ಲೂಯಿಡ್ ಹೋಗಿ ತುಂಬುತ್ತದೆ. ಅಂದರೆ ಮಟ್ಟ ನಿಧಾನವಾಗಿ ಇಳಿಯುವುದು ಪ್ಯಾಡ್ ಸವೆದಿದೆ ಎನ್ನುವ ಸುದ್ದಿ. ಪ್ಯಾಡ್ ನೋಡದೆ ಫ್ಲೂಯಿಡ್ ತುಂಬಿಸಿದರೆ ಆ ಸುದ್ದಿಯನ್ನೇ ಅಳಿಸಿದಂತೆ. ಮುಂದೆ ಹೊಸ ಪ್ಯಾಡ್ ಹಾಕಲು ಪಿಸ್ಟನ್ ಹಿಂದಕ್ಕೆ ಒತ್ತಿದಾಗ ಅದು ಉಕ್ಕಿ ಹರಿದು ಕಾರಿನ ಬಣ್ಣ ಕಿತ್ತುಬರುವಂತೆಯೂ ಆಗಬಹುದು.

ಇನ್ನೊಂದು ಗುಣ, ಇದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಫ್ಲೂಯಿಡ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. 3.7 ಶೇಕಡಾದಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಕುಸಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಫ್ಲೂಯಿಡ್ ಕುದಿದರೆ ಗುಳ್ಳೆಗಳೇಳುತ್ತವೆ. ದ್ರವ ಕುಗ್ಗುವುದಿಲ್ಲ, ಆದರೆ ಆವಿ ಕುಗ್ಗುತ್ತದೆ. ಪೆಡಲ್ ಒತ್ತಿದರೂ ಕಾರು ನಿಲ್ಲದೇ ಹೋಗಲು ಇಷ್ಟು ಸಾಕು. ಮಟ್ಟ ಸರಿಯಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು ಇದಕ್ಕೇ. ತೆರೆದು ಬಹುಕಾಲ ಇಟ್ಟ ಡಬ್ಬಿಯದ್ದನ್ನೂ ಬಳಸಬೇಡಿ.

ಟೈರಿನ ಗಾಳಿ

ದ್ರವವಲ್ಲದಿದ್ದರೂ ಇದಕ್ಕೂ ಅದೇ ಪ್ರಶ್ನೆ. ನಾಲ್ಕರಲ್ಲಿ ಒಂದೇ ಟೈರ್ ಪ್ರತಿ ಸಲ ಇಳಿದಿದ್ದರೆ ಮೊಳೆ ಅಥವಾ ವಾಲ್ವ್ ಹುಡುಕಿ. ಟೈರ್ ತಣ್ಣಗಿರುವಾಗಲೇ ಅಳೆಯಿರಿ. ಎಷ್ಟಿರಬೇಕು ಎಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿರುತ್ತದೆ, ಟೈರಿನ ಮೈಮೇಲೆ ಬರೆದಿರುವುದು ಗರಿಷ್ಠ ಮಿತಿ. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುವೆ ಸವೆದಿದ್ದರೆ ಹೆಚ್ಚು, ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ (ಚಕ್ರಗಳ ಕೋನ) ನೋಡಿಸಿ.

ರಟ್ಟಿನ ಪರೀಕ್ಷೆ

ನನಗೆ ಅತ್ಯಂತ ಇಷ್ಟವಾದ ಪಾಠ ಇದು. ರಾತ್ರಿ ಕಾರಿನ ಕೆಳಗೆ ಅಗಲವಾದ ರಟ್ಟು ಹಾಸಿ, ಬೆಳಿಗ್ಗೆ ಹನಿ ಎಲ್ಲಿ ಬಿದ್ದಿದೆ ನೋಡಿ. ಎಸಿ ಹಾಕಿ ಓಡಿಸಿದ ಮೇಲೆ ಬಿದ್ದ ಬಣ್ಣವಿಲ್ಲದ, ವಾಸನೆಯಿಲ್ಲದ ನೀರು ಸಹಜ. ಕಂದು ಅಥವಾ ಕಪ್ಪು ಜಿಡ್ಡು ಎಂಜಿನ್ ಆಯಿಲ್. ಹಸಿರು, ಗುಲಾಬಿ, ನೀಲಿ ಬಣ್ಣದ ಸಿಹಿವಾಸನೆ ಕೂಲಂಟ್‌ನದ್ದು. ಚಕ್ರದ ಒಳಮೈ ಹತ್ತಿರ ತಿಳಿಹಳದಿ, ಜಾರುವಂಥ ಒದ್ದೆ ಕಂಡರೆ ಬ್ರೇಕ್ ಫ್ಲೂಯಿಡ್ ಇರಬಹುದು. ಆ ದಿನ ಕಾರು ತೆಗೆಯಬೇಡಿ, ಮೆಕ್ಯಾನಿಕ್‌ನನ್ನೇ ಕಾರಿದ್ದಲ್ಲಿಗೆ ಕರೆಸಿ.